ಕಂಪ್ಯೂಟರ್ ಮೂಕವಾದಾಗ

ಪರದೆಯ ಮೇಲೆ ಪಾಠ ನಡೆಯುತ್ತಿದೆ, ದನಿ ಮಾತ್ರ ಇಲ್ಲ. ಪರೀಕ್ಷೆ ಹತ್ತಿರವಿದ್ದಾಗ ಹೀಗಾದರೆ ಮಕ್ಕಳಿಗೆ ಗಾಬರಿ, ಹೆತ್ತವರಿಗೆ ಖರ್ಚಿನ ಚಿಂತೆ. ಆದರೆ ಎಷ್ಟೋ ಸಲ ಯಂತ್ರ ಕೆಟ್ಟಿರುವುದಿಲ್ಲ. ಡ್ರೈವರ್ ಎಂಬ ಪುಟ್ಟ ತಂತ್ರಾಂಶ ಕೈಕೊಟ್ಟಿರುತ್ತದೆ.

1981ರ ಐಬಿಎಂ ಪಿಸಿಯಿಂದ ಹೊರಡುತ್ತಿದ್ದುದು ಹೆಚ್ಚೆಂದರೆ 'ಬೀಪ್' ಸದ್ದು. ಹಾಡು, ಮಾತು ಬೇಕೆಂದವರು ಮುಂದೆ ಸೌಂಡ್ ಕಾರ್ಡನ್ನು ಬೇರೆಯಾಗಿ ಕೊಳ್ಳಬೇಕಾಯಿತು. 1997ರಲ್ಲಿ ಇಂಟೆಲ್ ಕಂಪನಿ ಎಸಿ'97 ಮಾನದಂಡ ರೂಪಿಸಿದ ಮೇಲೆ ಧ್ವನಿಯ ಚಿಪ್ ಮದರ್‌ಬೋರ್ಡಿನಲ್ಲೇ ಇರುವುದು ವಾಡಿಕೆಯಾಯಿತು. ಆ ಚಿಪ್‌ಗೂ ವಿಂಡೋಸ್‌ಗೂ ನಡುವಿನ ದುಭಾಷಿಯೇ ಡ್ರೈವರ್. ವಿಂಡೋಸನ್ನು ಹೊಸದಾಗಿ ಹಾಕಿದಾಗ ಅದು ಬಿಟ್ಟುಹೋಗಬಹುದು.

ಮೊದಲು ವಾಲ್ಯೂಮ್ 'ಮ್ಯೂಟ್' ಆಗಿದೆಯೇ, ಸ್ಪೀಕರಿನ ಪಿನ್ ಹಸಿರು ತೂತಿನಲ್ಲಿದೆಯೇ ನೋಡಿ. ಗುಲಾಬಿ ತೂತು ಮೈಕಿಗೆ. ಬಳಿಕ 'ಡಿವೈಸ್ ಮ್ಯಾನೇಜರ್' ತೆರೆಯಿರಿ. ಧ್ವನಿಯ ಸಾಲಿನಲ್ಲಿ ಹಳದಿ ಆಶ್ಚರ್ಯಸೂಚಕ ಚಿಹ್ನೆ ಕಂಡರೆ ಡ್ರೈವರ್ ಮೇಲೆಯೇ ಅನುಮಾನ. ಮದರ್‌ಬೋರ್ಡಿನ ಅಥವಾ ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ ಬರೆದುಕೊಂಡು, ತಯಾರಕರ ಜಾಲತಾಣದಿಂದಲೇ ಡ್ರೈವರ್ ಇಳಿಸಿಕೊಳ್ಳಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಧ್ವನಿ ಸಾಧನದ ಹೆಸರೇ ಕಾಣದಿದ್ದರೆ, ಬಯಾಸ್‌ನಲ್ಲಿ 'ಆನ್‌ಬೋರ್ಡ್ ಆಡಿಯೋ' ಚಾಲೂ ಇದೆಯೇ ಪರೀಕ್ಷಿಸಿ.

ಹೊಸ ಕಾರ್ಡಿಗೆ ಹಣ ತೆರುವುದು ಇಷ್ಟೆಲ್ಲ ನೋಡಿದ ಮೇಲಿನ ಮಾತು.