ನಾಲ್ಕೇ ಬಣ್ಣಗಳಲ್ಲಿ ಒಂದು ಮುಖ

ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ (1860–1920) 1896ರಲ್ಲಿ ಬರೆದ ಸ್ವಚಿತ್ರವೊಂದು ಸ್ಟಾಕ್‌ಹೋಮ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಅವರು ಹಿಡಿದಿರುವ ಪ್ಯಾಲೆಟ್ ನೋಡಿ: ಬಿಳಿ, ಹಳದಿ ಓಕರ್, ವರ್ಮಿಲಿಯನ್ ಕೆಂಪು, ಕಪ್ಪು. ಅಷ್ಟೇ. ಅಮೆರಿಕದ ಅಧ್ಯಕ್ಷ ಟ್ಯಾಫ್ಟ್ ಅವರ ಭಾವಚಿತ್ರವನ್ನೂ ಬರೆದ ಕಲಾವಿದ ಇವರು. ಬೇಕೆನಿಸಿದಾಗ ಬೇರೆ ಬಣ್ಣ ಮುಟ್ಟಿದ್ದುಂಟು. ಆದರೂ ಈ ನಾಲ್ಕರ ಕೂಟಕ್ಕೆ ‘ಜೋರ್ನ್ ಪ್ಯಾಲೆಟ್’ ಎಂಬ ಹೆಸರೇ ನಿಂತಿದೆ.

ನೀಲಿಯ ಕೆಲಸವನ್ನು ಇಲ್ಲಿ ಕಪ್ಪೇ ಮಾಡುತ್ತದೆ. ಐವರಿ ಕಪ್ಪಿಗೆ ಬಿಳಿ ಬೆರೆಸಿದರೆ ತಣ್ಣನೆಯ ಬೂದು. ಕೆಂಪು-ಹಳದಿಯ ಚರ್ಮದ ಪಕ್ಕದಲ್ಲಿಟ್ಟರೆ ಅದು ಕಣ್ಣಿಗೆ ನೀಲಿಯಾಗಿಯೇ ಕಾಣುತ್ತದೆ. ಗಡ್ಡ ಬೋಳಿಸಿದ ದವಡೆಗೆ ಇಷ್ಟು ಸಾಕು. ಓಕರ್‌ಗೆ ಕಪ್ಪು ಸೇರಿದರೆ ಮಂಕು ಹಸಿರು. ಕತ್ತಿನ ನೆರಳಿಗೆ ಅದಕ್ಕಿಂತ ಒಳ್ಳೆಯದು ಸಿಗದು.

ಬಣ್ಣ ಕಡಿಮೆಯಾದಷ್ಟೂ ಕಣ್ಣು ಬೆಳಕು-ನೆರಳಿನ ಕಡೆ ತಿರುಗುತ್ತದೆ. ಕಣ್ಣು ಕಿರಿದು ಮಾಡಿ ಮುಖವನ್ನು ನೋಡಿ, ಕೆಂಪು-ಕಪ್ಪಿನ ಕಂದನ್ನು ಟರ್ಪೆಂಟೈನ್‌ನಲ್ಲಿ ತೆಳುವಾಗಿಸಿ, ಮೊದಲು ನೆರಳನ್ನಷ್ಟೇ ಹಚ್ಚಬೇಕು. ಎಣ್ಣೆ ಹೆಚ್ಚಿರುವ ದಪ್ಪ ಬಣ್ಣ ಆಮೇಲೆ, ಅದರ ಮೇಲೆ. ಹಣೆ ತುಸು ಹಳದಿಗೆ ವಾಲುತ್ತದೆ. ಮೂಗು, ಕೆನ್ನೆ, ಕಿವಿ ಕೆಂಪಿಗೆ. ಹೊಸಬರು ಎಡವುವುದು ಕಣ್ಣಿನ ಬಿಳಿಯಲ್ಲಿ. ಟ್ಯೂಬಿನ ಬಿಳಿಯನ್ನೇ ಇಟ್ಟರೆ ಮುಖ ಬೆಚ್ಚಿಬಿದ್ದಂತೆ ಕಾಣುತ್ತದೆ. ಮೇಲಿನ ರೆಪ್ಪೆಯ ನೆರಳು ಗುಡ್ಡೆಯ ಮೇಲೆ ಬಿದ್ದಿರುತ್ತದೆ, ಹಾಗಾಗಿ ಅಲ್ಲಿ ಬೇಕಾದದ್ದು ಬೂದು, ಮೂಲೆಯಲ್ಲಿ ಚೂರು ಕೆಂಪು. ಶುದ್ಧ ಬಿಳಿಗೆ ಹತ್ತಿರವಾದದ್ದು ಪಾಪೆಯ ಹೊಳಪಿನ ಚುಕ್ಕೆ ಮಾತ್ರ.

ನಮ್ಮ ಕಂದು ಮೈಬಣ್ಣಕ್ಕೂ ಈ ಪ್ಯಾಲೆಟ್ ಸೊಗಸಾಗಿ ಒಗ್ಗುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ. ಓಕರ್, ಕೆಂಪು, ಕಪ್ಪು ಸೇರಿದರೆ ಗೋಧಿಬಣ್ಣದಿಂದ ಎಣ್ಣೆಗಪ್ಪಿನವರೆಗೆ ಎಲ್ಲವೂ ಬರುತ್ತದೆ. ಕಿಟಕಿಯ ಬೆಳಕಿಗೆ ಹೊಳೆಯುವ ಕಪ್ಪು ಹಣೆಯ ಮೇಲೆ ಆ ತಣ್ಣನೆಯ ಬೂದನ್ನು ಒಂದೇ ಎಳೆತದಲ್ಲಿ ಇಟ್ಟುಬಿಡಬೇಕು, ಮತ್ತೆ ತೀಡಬಾರದು.

ವರ್ಮಿಲಿಯನ್‌ನಲ್ಲಿ ಪಾದರಸ, ಹಳೆಯ ಬಿಳಿಯಲ್ಲಿ ಸೀಸ. ಈಗ ಅವುಗಳ ಬದಲು ತಿಳಿ ಕ್ಯಾಡ್ಮಿಯಂ ಕೆಂಪು, ಟೈಟಾನಿಯಂ ಬಿಳಿ ಸಿಗುತ್ತವೆ. ಟೈಟಾನಿಯಂ ಬಲು ಜೋರು, ಉಳಿದ ಬಣ್ಣಗಳನ್ನು ನುಂಗಿಬಿಡುತ್ತದೆ, ಕಡ್ಡಿಮೊನೆಯಷ್ಟರಿಂದಲೇ ಶುರುಮಾಡಿ. ಕ್ಯಾಡ್ಮಿಯಂ ಕೂಡ ಹೊಟ್ಟೆಗೆ ಹೋಗಬಾರದ ವಸ್ತು, ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಇನ್ನು ನಿಮ್ಮೆದುರು ಕುಳಿತವರು ನವಿಲುನೀಲಿ ಸೀರೆ ಉಟ್ಟಿದ್ದರೆ ಕಪ್ಪು ಬಿಳಿಗಳ ಬೂದು ಅಲ್ಲಿ ಸಾಲದು. ಆಗ ನೀಲಿಯದೊಂದು ಟ್ಯೂಬ್ ತೆರೆಯಿರಿ.