ಟ್ರಿಗರ್ ಆಯ್ತು, ಆದ್ರೆ ನೋಡಿದ್ದು ಯಾರು? ಕಾರ್ಡ್ ಗೇಮ್‌ಗಳಲ್ಲಿ ಟ್ರಿಗರ್ ಮತ್ತು ಜಾಗ ಗೆಲ್ಲುವ ಲೆಕ್ಕ

ಇದು ಈ ವಾರದ ವಿಡಿಯೋದ ಬರಹ ರೂಪ. ವಿಡಿಯೋದಲ್ಲಿ ಕಾರ್ಡುಗಳನ್ನ ಕ್ಯಾಮೆರಾ ಮುಂದೆ ಹಿಡಿದು ತೋರಿಸಿದ್ದೆ. ಇಲ್ಲಿ ಅದು ಆಗಲ್ಲ, ಹಾಗಾಗಿ ಒಂದೆರಡು ಕಡೆ ಇನ್ನೂ ಸ್ವಲ್ಪ ಬಿಡಿಸಿ ಬರೆದಿದ್ದೀನಿ. ಕಾರ್ಡ್ ಗೇಮ್ ಆಡೋರಿಗೆ ಮಾತ್ರ ಅಲ್ಲ, ಕೋಡ್ ಬರೆಯೋರಿಗೆ ಎಲ್ಲರಿಗೂ ಇದರಲ್ಲಿ ಏನೋ ಒಂದು ಸಿಗುತ್ತೆ ಅನ್ನೋದು ನನ್ನ ನಂಬಿಕೆ.

ಮೊದಲು ನಾನು ಸೋತ ಕಥೆ ಹೇಳ್ತೀನಿ. ಪುಣೆಗೆ ಬಂದ ಮೊದಲ ವರ್ಷ ಶನಿವಾರ, ಭಾನುವಾರ ಏನು ಮಾಡಬೇಕು ಅಂತಾನೇ ಗೊತ್ತಾಗ್ತಿರಲಿಲ್ಲ. ಮರಾಠಿ ಬರಲ್ಲ, ಹಿಂದಿ ಅರ್ಧಂಬರ್ಧ. ಟೀಮಿನ ಒಬ್ಬ ಹುಡುಗ ಒಂದು ಗೇಮ್ ಅಂಗಡಿಗೆ ಕರ್ಕೊಂಡು ಹೋದ. ಅಲ್ಲಿ ಮ್ಯಾಜಿಕ್: ದಿ ಗ್ಯಾದರಿಂಗ್ ಆಡ್ತಿದ್ರು. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ, 1993ರಲ್ಲಿ ಬಂದ ಆಟ ಅದು. ಟೇಬಲ್ ಮೇಲೆ ಕಾರ್ಡ್ ಇಟ್ರೆ ಭಾಷೆ ಅಡ್ಡ ಬರಲ್ಲ ಅನ್ನೋದು ಆವತ್ತು ಗೊತ್ತಾಯ್ತು. ಆರು ತಿಂಗಳಾದ ಮೇಲೆ ಅಂಗಡಿಯ ಸಣ್ಣ ಟೂರ್ನಮೆಂಟಿನಲ್ಲಿ ಫೈನಲ್‌ವರೆಗೂ ಹೋದೆ. ಎದುರಿಗೆ ಇಂಜಿನಿಯರಿಂಗ್ ಓದೋ ಹುಡುಗ. ಒಂದೇ ಒಂದು ಕಾರ್ಡ್ ಸಿಕ್ಕಿದ್ರೆ ಗೆಲ್ತಿದ್ದೆ, ಸಿಗಲಿಲ್ಲ, ಸೋತೆ. ಕೈ ಕುಲುಕಿದ ಮೇಲೆ ಅವನು ಮೆಲ್ಲಗೆ ಹೇಳಿದ: "ದಾದಾ, ನಿಮಗೆ ಎರಡು ಸಲ ಕಾರ್ಡ್ ಬರಬೇಕಿತ್ತು, ನೀವು ತಗೊಳ್ಳಲೇ ಇಲ್ಲ."

ನನ್ನ ಟ್ರಿಗರ್ ಎರಡು ಸಲ ಆಗಿತ್ತು. ನಾನು ನೋಡಿರಲಿಲ್ಲ. ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ.

ಟ್ರಿಗರ್ ಅಂದ್ರೆ ಏನು

ಮ್ಯಾಜಿಕ್ ಕಾರ್ಡುಗಳ ಶಕ್ತಿಗಳನ್ನ ಮೂರು ಗುಂಪು ಮಾಡಿ ನೋಡಿ. ಮೊದಲನೇದು ಯಾವಾಗಲೂ ಆನ್ ಇರೋದು: "ನಿನ್ನ ಸೈನಿಕರಿಗೆಲ್ಲ ಒಂದು ಬಲ ಜಾಸ್ತಿ" ಅನ್ನೋ ತರಹದ್ದು. ಇದು ಕಾನ್ಫಿಗ್ ಫೈಲ್ ಇದ್ದ ಹಾಗೆ. ಎರಡನೇದು ನೀವೇ ಖರ್ಚು ಕೊಟ್ಟು ನಡೆಸೋದು. ಬಟನ್ ಒತ್ತಿದ್ರೆ ಕೆಲಸ, ಇಲ್ಲಾಂದ್ರೆ ಇಲ್ಲ. ಮೂರನೇದು ಟ್ರಿಗರ್. ಏನೋ ಒಂದು ಘಟನೆ ನಡೆದಾಗ ಅದು ತಾನೇ ಎದ್ದು ನಿಲ್ಲುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇವೆಂಟ್ ಲಿಸನರ್.

ಕಾರ್ಡಿನಲ್ಲಿ ಇದನ್ನ ಗುರುತಿಸೋದು ಸುಲಭ. ವಾಕ್ಯ ವೆನ್, ವೆನೆವರ್ ಅಥವಾ ಆಟ್ ಅನ್ನೋ ಮೂರರಲ್ಲಿ ಒಂದರಿಂದ ಶುರುವಾಗುತ್ತೆ. "ಇದು ಆಟಕ್ಕೆ ಬಂದಾಗ", "ಯಾವುದಾದರೂ ಜೀವಿ ಸತ್ತಾಗಲೆಲ್ಲ", "ನಿನ್ನ ಸರದಿ ಶುರುವಾಗುವಾಗ", ಹೀಗೆ.

ಇದೇನು ಅಮೆರಿಕದವರು ಹೊಸದಾಗಿ ಕಂಡುಹಿಡಿದಿದ್ದು ಅಂದ್ಕೋಬೇಡಿ. ಚೌಕಾಬಾರ ನೆನಪಿದೆಯಲ್ಲ? ಎದುರಾಳಿಯ ಕಾಯಿ ಹೊಡೆದ್ರೆ ಇನ್ನೊಂದು ಸಲ ಕವಡೆ ಹಾಕಬಹುದು. ಅದು ಶುದ್ಧ ಟ್ರಿಗರ್. ಒಂದಾದರೂ ಕಾಯಿ ಹೊಡೆಯದೆ ಒಳಗಿನ ಸುತ್ತಿಗೆ ಹೋಗೋ ಹಾಗಿಲ್ಲ ಅನ್ನೋದು? ಅದು ಟ್ರಿಗರ್ ಅಲ್ಲ, ಷರತ್ತು. ಅಜ್ಜಿ ಜೊತೆ ಕೂತು ಆಡುವಾಗ ಈ ವ್ಯತ್ಯಾಸ ಯಾರೂ ಹೇಳಿಕೊಡಲಿಲ್ಲ, ಆದ್ರೂ ನಮಗೆಲ್ಲ ಗೊತ್ತಿತ್ತು.

ಆಗೋದು ಒಂದು, ನಡೆಯೋದು ಇನ್ನೊಂದು

ಹೊಸಬರು ಎಡವೋದು ಇಲ್ಲೇ. ಟ್ರಿಗರ್ ಆಯ್ತು ಅಂದ ಮಾತ್ರಕ್ಕೆ ಅದರ ಕೆಲಸ ಆ ಕ್ಷಣಕ್ಕೆ ಮುಗಿಯಲ್ಲ. ಅದು ಮೊದಲು ಕಾಯುತ್ತೆ. ಮುಂದೆ ಯಾರಾದರೂ ಏನಾದರೂ ಮಾಡೋ ಅವಕಾಶ ಬರೋ ಮುಂಚೆ ಆಟ ಒಂದು ಸಲ ಮನೆ ಗುಡಿಸುತ್ತೆ: ಪ್ರಾಣ ಸೊನ್ನೆ ಆದವರು ಸೋತ್ರಾ, ಪೆಟ್ಟು ತಿಂದ ಜೀವಿಗಳು ಸತ್ವಾ ಅಂತ. ಇದೆಲ್ಲ ಮುಗಿದ ಮೇಲೆ ಕಾಯ್ತಾ ಇರೋ ಟ್ರಿಗರ್‌ಗಳು ಸ್ಟ್ಯಾಕ್ ಮೇಲೆ ಹೋಗಿ ಕೂರುತ್ತವೆ. ನಾವು ಡೇಟಾ ಸ್ಟ್ರಕ್ಚರ್ಸ್ ಪಾಠದಲ್ಲಿ ಓದಿದ್ದೇ ಸ್ಟ್ಯಾಕ್. ಕೊನೆಗೆ ಇಟ್ಟದ್ದು ಮೊದಲು ಹೊರಗೆ ಬರುತ್ತೆ.

ಒಂದೇ ಹೊತ್ತಿಗೆ ಇಬ್ಬರ ಟ್ರಿಗರ್‌ಗಳೂ ಆದ್ರೆ? ಯಾರ ಸರದಿ ನಡೀತಿದೆಯೋ ಅವರದ್ದು ಮೊದಲು ಸ್ಟ್ಯಾಕ್‌ಗೆ ಹೋಗುತ್ತೆ, ಅದರ ಮೇಲೆ ಎದುರಾಳಿಯದ್ದು. ಅಂದ್ರೆ ಎದುರಾಳಿಯದ್ದೇ ಮೊದಲು ನಡೆಯುತ್ತೆ. ನನ್ನವೇ ಎರಡು ಮೂರು ಇದ್ರೆ ಅವುಗಳ ಒಳಗಿನ ಕ್ರಮ ನನ್ನ ಇಷ್ಟ.

ಇನ್ನೊಂದು ಮುಖ್ಯ ವಿಷಯ. ಟ್ರಿಗರ್ ಸ್ಟ್ಯಾಕ್‌ಗೆ ಹೋದ ಮೇಲೆ ಅದನ್ನ ಹುಟ್ಟಿಸಿದ ಕಾರ್ಡ್ ಸತ್ತರೂ ಟ್ರಿಗರ್ ಸಾಯಲ್ಲ. ರಿಕ್ವೆಸ್ಟ್ ಕಳಿಸಿ ಆಗಿದೆ, ಆಮೇಲೆ ಲ್ಯಾಪ್‌ಟಾಪ್ ಮುಚ್ಚಿದ್ರೆ ಸರ್ವರ್ ನಿಲ್ಲುತ್ತಾ? ಹಾಗೆ. ಬ್ಲಡ್ ಆರ್ಟಿಸ್ಟ್ ಅನ್ನೋ ಕಾರ್ಡ್ ಇದೆ. ತಾನು ಅಥವಾ ಬೇರೆ ಯಾವುದೇ ಜೀವಿ ಸತ್ತಾಗಲೆಲ್ಲ ಯಾರಾದರೂ ಒಬ್ಬ ಆಟಗಾರನ ಒಂದು ಪ್ರಾಣ ಕಿತ್ತು ನಿಮಗೆ ಒಂದು ಕೊಡುತ್ತೆ. ಒಂದೇ ಬಾಂಬಿಗೆ ಬ್ಲಡ್ ಆರ್ಟಿಸ್ಟ್ ಜೊತೆ ನಾಲ್ಕು ಜೀವಿಗಳು ಒಟ್ಟಿಗೆ ಸತ್ರೆ ಎಷ್ಟು ಟ್ರಿಗರ್? ಐದು. ಸಾಯೋ ಟ್ರಿಗರ್‌ಗಳಿಗೆ ಆಟ ಒಂದು ಹೆಜ್ಜೆ ಹಿಂದೆ ತಿರುಗಿ ನೋಡುತ್ತೆ, ಸಾಯೋ ಮುಂಚೆ ಟೇಬಲ್ ಮೇಲೆ ಯಾರ್ಯಾರಿದ್ದರು ಅಂತ.

ಕಾರ್ಡಿನೊಳಗಿನ ರೇಸ್ ಕಂಡೀಷನ್

ಈಗ ನನಗೆ ತುಂಬಾ ಇಷ್ಟವಾದ ಉದಾಹರಣೆ. 2007ರ ಲಾರ್ವಿನ್ ಸೆಟ್‌ನಲ್ಲಿ ಒಬ್ಲಿವಿಯನ್ ರಿಂಗ್ ಅನ್ನೋ ಕಾರ್ಡ್ ಬಂತು. ಅದರಲ್ಲಿ ಎರಡು ಬೇರೆ ಬೇರೆ ಟ್ರಿಗರ್. ರಿಂಗ್ ಆಟಕ್ಕೆ ಬಂದಾಗ: ಲ್ಯಾಂಡ್ ಅಲ್ಲದ ಬೇರೊಂದು ಕಾರ್ಡನ್ನ ಆಟದಿಂದ ಹೊರಗಿಡು. ರಿಂಗ್ ಆಟದಿಂದ ಹೋದಾಗ: ಹೊರಗಿಟ್ಟ ಕಾರ್ಡನ್ನ ವಾಪಸ್ ತಾ. ಕೇಳೋಕೆ ನೇರವಾಗಿದೆ. ಬಗ್ ಎಲ್ಲಿದೆ ಅಂತ ಒಂದು ನಿಮಿಷ ಯೋಚನೆ ಮಾಡಿ.

ಮೊದಲ ಟ್ರಿಗರ್ ಸ್ಟ್ಯಾಕ್ ಮೇಲಿದೆ, ಇನ್ನೂ ನಡೆದಿಲ್ಲ. ಆ ಸಂದಿಯಲ್ಲಿ ನಾನೇ ನನ್ನ ರಿಂಗನ್ನ ಆಟದಿಂದ ತೆಗೆದುಬಿಟ್ರೆ? ಎರಡನೇ ಟ್ರಿಗರ್ ಆಗಿ ಸ್ಟ್ಯಾಕ್‌ನ ಮೇಲ್ಗಡೆ ಕೂರುತ್ತೆ, ಹಾಗಾಗಿ ಅದೇ ಮೊದಲು ನಡೆಯುತ್ತೆ. ವಾಪಸ್ ತರೋಕೆ ಹೊರಗೆ ಏನೂ ಇಲ್ಲ, ಖಾಲಿ ಕೈ. ಆಮೇಲೆ ಮೊದಲನೇದು ನಡೆದು ನಿಮ್ಮ ಕಾರ್ಡ್ ಹೊರಗೆ ಹೋಗುತ್ತೆ. ವಾಪಸ್ ಕರೆಯೋರು ಯಾರೂ ಉಳಿದಿಲ್ಲ. ಹೋದದ್ದು ಹೋಯ್ತು.

ಬಿಡುಗಡೆ ಮೊದಲು ನಡೆದು ಬಂಧನ ಆಮೇಲೆ ನಡೆಯಿತು. ಇದನ್ನ ನಾವು ಎಷ್ಟು ಸಲ ಪ್ರೊಡಕ್ಷನ್‌ನಲ್ಲಿ ನೋಡಿಲ್ಲ ಹೇಳಿ! 2014ರಲ್ಲಿ ಬಂದ ಬ್ಯಾನಿಷಿಂಗ್ ಲೈಟ್ ಅನ್ನೋ ಕಾರ್ಡ್ ಇದಕ್ಕೆ ಪ್ಯಾಚ್ ಇದ್ದ ಹಾಗೆ. ಅದರಲ್ಲಿ ಎರಡು ಟ್ರಿಗರ್ ಇಲ್ಲ, ಒಂದೇ: "ಈ ಕಾರ್ಡ್ ಇರುವವರೆಗೆ ಆ ಕಾರ್ಡ್ ಹೊರಗಿರಲಿ." ಬ್ಯಾನಿಷಿಂಗ್ ಲೈಟ್ ಮೊದಲೇ ಹೋಗಿದ್ರೆ ಗುರಿಯ ಕಾರ್ಡ್ ಹೊರಗೆ ಹೋಗೋದೇ ಇಲ್ಲ. ಎರಡು ಇವೆಂಟ್ ನಂಬೋ ಬದಲು ಒಂದು ಅವಧಿಯನ್ನ ನಂಬು, ಇಷ್ಟೇ ಪಾಠ.

ಟ್ರಿಗರ್ ಟ್ರಿಗರನ್ನ ಎಬ್ಬಿಸಿದಾಗ

ಸ್ಯಾಂಗ್ವಿನ್ ಬಾಂಡ್: ನಿನಗೆ ಪ್ರಾಣ ಬಂದಾಗಲೆಲ್ಲ ಎದುರಾಳಿಗೆ ಅಷ್ಟೇ ಹೋಗುತ್ತೆ. ಎಕ್ಸ್‌ಕ್ವಿಸಿಟ್ ಬ್ಲಡ್: ಎದುರಾಳಿಗೆ ಪ್ರಾಣ ಹೋದಾಗಲೆಲ್ಲ ನಿನಗೆ ಅಷ್ಟೇ ಬರುತ್ತೆ. ಎರಡೂ ಟೇಬಲ್ ಮೇಲಿದ್ದು ಒಂದು ಪ್ರಾಣ ಬಂದ್ರೆ ಸಾಕು, ಎದುರಾಳಿ ಸಾಯೋವರೆಗೂ ಚಕ್ರ ನಿಲ್ಲಲ್ಲ. ಈ ಲೂಪ್‌ಗೆ ಕೊನೆ ಇದೆ. ಕೊನೆಯೇ ಇಲ್ಲದ, ಯಾರೂ ನಿಲ್ಲಿಸಲಾಗದ ಕಡ್ಡಾಯ ಲೂಪ್ ಆದ್ರೆ ಆಟ ಡ್ರಾ. ಟೇಬಲ್ ಮೇಲೆ ಲ್ಯಾಂಡ್ ಬಿಟ್ರೆ ಮೂರು ಒಬ್ಲಿವಿಯನ್ ರಿಂಗ್ ಮಾತ್ರ ಇದ್ದಾಗ ಹೀಗಾಗಬಹುದು. ಒಂದು ಇನ್ನೊಂದನ್ನ ಹೊರಗಿಡುತ್ತಾ, ಹೊರಗಿದ್ದದ್ದು ವಾಪಸ್ ಬರುತ್ತಾ ಸುತ್ತುತ್ತಲೇ ಇರುತ್ತವೆ.

ಎಂಟೆಕ್ ಮಾಡಿದೋನು ನಾನು, ಇದನ್ನ ಹೇಳದೆ ಬಿಡಲ್ಲ. 2019ರಲ್ಲಿ ಅಲೆಕ್ಸ್ ಚರ್ಚಿಲ್, ಸ್ಟೆಲ್ಲಾ ಬಿಡರ್ಮನ್ ಮತ್ತು ಆಸ್ಟಿನ್ ಹೆರಿಕ್ ಒಂದು ಪೇಪರ್ ಬರೆದ್ರು. ಮ್ಯಾಜಿಕ್ ಆಟದೊಳಗೇ ಒಂದು ಟ್ಯೂರಿಂಗ್ ಮಷೀನ್ ಕಟ್ಟಬಹುದು ಅಂತ ತೋರಿಸಿದ್ರು. ಅದರ ಎಂಜಿನ್ ಏನು ಗೊತ್ತಾ? "ಈ ಜಾತಿಯ ಜೀವಿ ಸತ್ತಾಗಲೆಲ್ಲ ಆ ಜಾತಿಯದ್ದು ಒಂದು ಹುಟ್ಟಲಿ" ಅನ್ನೋ ರೋಟ್‌ಲಂಗ್ ರಿಆನಿಮೇಟರ್ ತರಹದ ಟ್ರಿಗರ್‌ಗಳು. ಹಾಗಾಗಿ ಕೆಲವು ಸನ್ನಿವೇಶಗಳಲ್ಲಿ ಯಾರು ಗೆಲ್ತಾರೆ ಅಂತ ಲೆಕ್ಕ ಹಾಕೋಕೆ ಸಾಮಾನ್ಯ ಅಲ್ಗಾರಿದಮ್ಮೇ ಇಲ್ಲ.

ಜಾಗ ಗೆಲ್ಲೋ ಆಟ

ಮ್ಯಾಜಿಕ್‌ನಲ್ಲಿ ಬೋರ್ಡ್ ಇಲ್ಲ, ಗಡಿ ಇಲ್ಲ. ಆದ್ರೂ 2016ರ ಕಾನ್ಸ್‌ಪಿರಸಿ: ಟೇಕ್ ದಿ ಕ್ರೌನ್ ಸೆಟ್‌ನಲ್ಲಿ ಮಾನಾರ್ಕ್ ಅಂತ ಒಂದು ಪಟ್ಟ ಬಂತು. ರಾಜ ಒಬ್ಬನೇ. ರಾಜನ ಸರದಿಯ ಕೊನೆಯ ಹಂತ ಶುರುವಾದಾಗ ಅವನಿಗೆ ಒಂದು ಕಾರ್ಡ್. ಯಾರದ್ದಾದರೂ ಜೀವಿ ಕಾಳಗದಲ್ಲಿ ರಾಜನಿಗೆ ಪೆಟ್ಟು ಕೊಟ್ಟರೆ ಪಟ್ಟ ಅವರದ್ದು. ಎರಡು ಟ್ರಿಗರ್ ಇಟ್ಕೊಂಡು ಇಡೀ ಒಂದು ಸಿಂಹಾಸನ ಕಟ್ಟಿದ್ದಾರೆ ನೋಡಿ. ನಾನು ಫೈನಲ್‌ನಲ್ಲಿ ಮರೆತದ್ದು ಇದನ್ನೇ. ರಾಜ ನಾನೇ ಆಗಿದ್ದೆ, ಎರಡು ಸಲ "ಪಾಸ್" ಅಂದೆ, ಕಾರ್ಡ್ ಎಳೆಯಲಿಲ್ಲ.

ನಿಜವಾದ ಜಾಗ ಬೇಕು ಅಂದ್ರೆ ರಿಫ್ಟ್‌ಬೌಂಡ್ ನೋಡಿ. ಲೀಗ್ ಆಫ್ ಲೆಜೆಂಡ್ಸ್ ಜಗತ್ತಿನ ಕಾರ್ಡ್ ಗೇಮ್, 2025ರಲ್ಲಿ ಬಂದಿದ್ದು. ಇಬ್ಬರು ಆಡುವಾಗ ಮಧ್ಯದಲ್ಲಿ ಎರಡು ಬ್ಯಾಟಲ್‌ಫೀಲ್ಡ್ ಇರುತ್ತೆ. ಮೊದಲು 8 ಪಾಯಿಂಟ್ ಮಾಡಿದವರು ಗೆದ್ದ ಹಾಗೆ. ಪಾಯಿಂಟ್ ಬರೋಕೆ ಮುಖ್ಯ ದಾರಿ ಎರಡು. ನಿಮ್ಮದಲ್ಲದ ಜಾಗ ನಿಮ್ಮ ವಶ ಆದ್ರೆ ಅದು ಕಾಂಕರ್, ಒಂದು ಪಾಯಿಂಟ್. ನಿಮ್ಮ ಸರದಿ ಶುರುವಾಗುವಾಗ ಆ ಜಾಗ ಇನ್ನೂ ನಿಮ್ಮ ಕೈಯಲ್ಲೇ ಇದ್ರೆ ಅದು ಹೋಲ್ಡ್, ಒಂದು ಪಾಯಿಂಟ್. ಒಂದು ಜಾಗದಿಂದ ಒಬ್ಬರಿಗೆ ಒಂದು ಸರದಿಯಲ್ಲಿ ಒಂದೇ ಪಾಯಿಂಟ್.

ಎಲೆಕ್ಟ್ರಾನಿಕ್ಸ್ ಓದಿದವರಿಗೆ ಇದು ತಕ್ಷಣ ಹೊಳೆಯುತ್ತೆ. ಕಾಂಕರ್ ಅನ್ನೋದು ಎಡ್ಜ್: ಸೊನ್ನೆ ಒಂದಾದ ಆ ಕ್ಷಣ. ಈಗಾಗಲೇ ನಿಮ್ಮದಾದ ಜಾಗಕ್ಕೆ ಇನ್ನೂ ಮೂರು ಜನರನ್ನ ಕಳಿಸಿದ್ರೆ ಏನೂ ಆಗಲ್ಲ, ಯಾಕಂದ್ರೆ ಸ್ಥಿತಿ ಬದಲಾಗಲಿಲ್ಲ. ಹೋಲ್ಡ್ ಅನ್ನೋದು ಲೆವೆಲ್: ಗೊತ್ತಾದ ಹೊತ್ತಿಗೆ ಬಂದು ಇದೆಯಾ ಇಲ್ಲವಾ ಅಂತ ನೋಡೋದು. ಗೆದ್ದ ಕೂಡಲೇ ಹೋಲ್ಡ್ ಪಾಯಿಂಟ್ ಬರಲ್ಲ. ಮಧ್ಯದಲ್ಲಿ ಎದುರಾಳಿಗೆ ಪೂರ್ತಿ ಒಂದು ಸರದಿ ಸಿಗುತ್ತೆ, ಕಿತ್ಕೊಳ್ಳೋಕೆ. ಗೆಲ್ಲೋಕೆ ಬೇಕಾದ ಡೆಕ್ಕೇ ಬೇರೆ, ಉಳಿಸ್ಕೊಳ್ಳೋಕೆ ಬೇಕಾದ ಡೆಕ್ಕೇ ಬೇರೆ. ಜಾಗದ ಕಾರ್ಡುಗಳ ಮೇಲೂ "ಇಲ್ಲಿ ಗೆದ್ದಾಗ", "ಇಲ್ಲಿ ಉಳಿಸಿಕೊಂಡಾಗ" ಅಂತ ಅವುಗಳದ್ದೇ ಟ್ರಿಗರ್ ಇರುತ್ತವೆ.

ಕೊನೆಯ ಪಾಯಿಂಟಿಗೆ ಒಂದು ಚೆಂದದ ಬೀಗ ಇದೆ. 7ರಲ್ಲಿ ಇದ್ದಾಗ ಒಂದೇ ಜಾಗಕ್ಕೆ ನುಗ್ಗಿ ಆಟ ಮುಗಿಸೋಕೆ ಆಗಲ್ಲ. ಆ ಸರದಿಯಲ್ಲಿ ಎರಡೂ ಜಾಗಗಳಿಂದ ಪಾಯಿಂಟ್ ಮಾಡಿರಬೇಕು. ಇಲ್ಲಾಂದ್ರೆ ಪಾಯಿಂಟ್ ಬದಲು ಒಂದು ಕಾರ್ಡ್ ಸಿಗುತ್ತೆ. ಹೋಲ್ಡ್ ಮಾಡಿ ಗೆಲ್ಲೋದಕ್ಕೆ ಈ ಅಡ್ಡಿ ಇಲ್ಲ. ಅಂದ್ರೆ ನುಗ್ಗೋದಕ್ಕಿಂತ ನಿಲ್ಲೋದಕ್ಕೆ ಈ ಆಟದಲ್ಲಿ ಬೆಲೆ ಜಾಸ್ತಿ.

ಕುಂಟೆಬಿಲ್ಲೆ ಆಡಿದವರಿಗೆ ಇದೂ ಹೊಸದಲ್ಲ. ಸುತ್ತು ಮುಗಿಸಿ, ಹಿಂದೆ ತಿರುಗಿ ಬಿಲ್ಲೆ ಎಸೆದು ಒಂದು ಮನೆ ನಮ್ಮದು ಮಾಡ್ಕೊಳ್ತಿದ್ವಿ. ಆಮೇಲೆ ಬೇರೆಯವರು ಆ ಮನೆ ತುಳಿಯೋ ಹಾಗಿಲ್ಲ, ನಾವು ಮಾತ್ರ ಅಲ್ಲಿ ಎರಡೂ ಕಾಲು ಊರಿ ನಿಲ್ಲಬಹುದು. ಅಲ್ಲಿ ಗೆದ್ದ ಮನೆ ಆಟ ಮುಗಿಯೋವರೆಗೂ ನಮ್ಮದೇ. ರಿಫ್ಟ್‌ಬೌಂಡ್‌ನಲ್ಲಿ ಪ್ರತಿ ಸರದಿಯೂ ಕಾಯಬೇಕು, ಅಷ್ಟೇ ವ್ಯತ್ಯಾಸ.

ನೆನಪಿಸೋದು ಯಾರ ಕೆಲಸ

ಮತ್ತೆ ಆ ಫೈನಲ್‌ಗೆ ಬರ್ತೀನಿ. ಮನೆಗೆ ಹೋಗುವಾಗ ನನಗೆ ಆ ಹುಡುಗನ ಮೇಲೆ ಸಿಟ್ಟಿತ್ತು. ಗೊತ್ತಿದ್ದೂ ಹೇಳಲಿಲ್ಲವಲ್ಲ ಅಂತ. ರಾತ್ರಿ ನಿಯಮ ತೆಗೆದು ಓದಿದೆ. ಪಂದ್ಯದಲ್ಲಿ ಅವರವರ ಟ್ರಿಗರ್ ಅವರವರೇ ನೋಡ್ಕೋಬೇಕು, ಎದುರಾಳಿ ನೆನಪಿಸಬೇಕು ಅಂತೇನಿಲ್ಲ. ಮೊಬೈಲ್, ಕಂಪ್ಯೂಟರಿನಲ್ಲಿ ಆಡಿದ್ರೆ ಸಾಫ್ಟ್‌ವೇರೇ ಎಲ್ಲ ಟ್ರಿಗರನ್ನೂ ನೋಡ್ಕೊಳ್ಳುತ್ತೆ. ಟೇಬಲ್ ಮೇಲೆ ಆಡುವಾಗ ಲಿಸನರ್ ನಾವೇ. ನಾವು ಕೇಳಿಸ್ಕೊಳ್ಳಲಿಲ್ಲ ಅಂದ್ರೆ ಎಷ್ಟೋ ಸಲ ಅದು ಆಗೇ ಇಲ್ಲ ಅನ್ನೋ ಹಾಗೆ ಆಟ ಮುಂದೆ ಹೋಗುತ್ತೆ.

ಅದೇ ತಿಂಗಳು ಇನ್ನೊಂದು ಆಯ್ತು. ಭಾನುವಾರ ಸಂಜೆ ಏಳಕ್ಕೆ ಊರಿಗೆ ಫೋನ್ ಮಾಡೋದು ನನ್ನ ರೂಢಿ. ಟೂರ್ನಮೆಂಟ್ ಗಲಾಟೆಯಲ್ಲಿ ಎರಡು ಭಾನುವಾರ ಮಾಡಿರಲಿಲ್ಲ. ಮೂರನೇ ಭಾನುವಾರ ಮಾಡಿದಾಗ ಗೊತ್ತಾಯ್ತು, ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕೈ ಉಳುಕಿ ಹತ್ತು ದಿನ ಆಗಿತ್ತು. "ಯಾಕಮ್ಮ ಒಂದು ಫೋನ್ ಮಾಡಲಿಲ್ಲ?" ಅಂದೆ. "ನೀನೇ ಮಾಡ್ತೀಯಲ್ಲ, ಏನು ಕೆಲಸದಲ್ಲಿದ್ದೀಯೋ ಅಂತ ಸುಮ್ನಿದ್ದೆ ಕಣೋ" ಅಂದ್ರು. ಅಲ್ಲಿ ಎದುರಾಳಿ ಅಂತ ಯಾರೂ ಇರಲಿಲ್ಲ, ಸಿಟ್ಟು ಮಾಡ್ಕೊಳ್ಳೋಕೂ ಯಾರೂ ಇರಲಿಲ್ಲ.

ಈಗ ಆಡುವಾಗ ನನ್ನ ಡೆಕ್ ಮೇಲೆ ಒಂದು ಕವಡೆ ಇಡ್ತೀನಿ. ಅಜ್ಜಿಯ ಚೌಕಾಬಾರದ್ದು. ಟ್ರಿಗರ್ ಇದ್ರೆ ಕವಡೆ ಎತ್ತದೆ ಕಾರ್ಡ್ ಮುಟ್ಟೋ ಹಾಗಿಲ್ಲ, "ಪಾಸ್" ಅನ್ನೋ ಹಾಗೂ ಇಲ್ಲ. ಫೋನಿನಲ್ಲಿ ಭಾನುವಾರ ಏಳಕ್ಕೆ ಅಲಾರಂ ಇದೆ. ಆ ಹುಡುಗ ಈಗ ನನ್ನ ಒಳ್ಳೆ ಸ್ನೇಹಿತ. ಪಂದ್ಯ ಅಲ್ಲದ ದಿನ ಆಡುವಾಗ "ದಾದಾ, ಕವಡೆ" ಅಂತ ಅವನೇ ನೆನಪಿಸ್ತಾನೆ. ಪಂದ್ಯದ ದಿನ ಬಾಯಿ ಬಿಡಲ್ಲ. ಅದೇ ಸರಿ ಅಂತ ಈಗ ನನಗೂ ಅನ್ಸುತ್ತೆ.

ನಿಮ್ಮ ಊರಿನ ಚೌಕಾಬಾರದಲ್ಲಿ, ಕುಂಟೆಬಿಲ್ಲೆಯಲ್ಲಿ ಬೇರೆ ಏನೇನು ನಿಯಮ ಇತ್ತು ಅಂತ ಬರೆದು ತಿಳಿಸಿ. ಮುಂದಿನ ವಿಡಿಯೋದಲ್ಲಿ ಅವುಗಳನ್ನೇ ಕಾರ್ಡ್ ಮಾಡಿ ಆಡಿ ತೋರಿಸೋ ಯೋಚನೆ ಇದೆ. ಸಿಗೋಣ.