ಮರದೊಳಗಿನ ಗೋಡೆ

ಹಂಪಿಯ ಮಹಾನವಮಿ ದಿಬ್ಬದ ಬಳಿ ಒಂದು ವಿಶಾಲವಾದ ಕಲ್ಲಿನ ಜಗಲಿ ಇದೆ. ಅದರ ಮೇಲೆ ಕಂಬ ನಿಲ್ಲಿಸುವ ಗುಳಿಗಳು ಸಾಲುಸಾಲಾಗಿ ಕಾಣುತ್ತವೆ. ನೂರು ಕಂಬಗಳ ಸಭಾಂಗಣ ಎಂದು ಹೆಸರಾದ ಇಲ್ಲಿ ಇಂದು ಒಂದು ಕಂಬವೂ ಇಲ್ಲ. ಅವು ಮರದ ಕಂಬಗಳಾಗಿದ್ದು, 1565ರ ಯುದ್ಧದ ನಂತರ ಬೆಂಕಿಗೆ ಆಹುತಿಯಾದವು ಎಂಬುದು ಇತಿಹಾಸಕಾರರ ಅಭಿಪ್ರಾಯ. ಕಲ್ಲು ಉಳಿಯಿತು, ಮರ ಹೋಯಿತು.

ಆದರೆ ಅಷ್ಟು ಭಾರದ ಚಾವಣಿ ಹೊರುವ ಶಕ್ತಿ ಮರಕ್ಕೆ ಬರುವುದು ಎಲ್ಲಿಂದ? ಅದರ ಜೀವಕೋಶಗಳ ಗೋಡೆಯಿಂದ.

ಸಂಡೂರು ಗುಡ್ಡದ ಯಾವುದೇ ಮರವನ್ನು ತೆಗೆದುಕೊಳ್ಳಿ. ತೊಗಟೆಯ ಒಳಬದಿಗೆ ಕೇಂಬಿಯಂ ಎಂಬ ತೆಳು ಪದರವಿರುತ್ತದೆ. ಅದು ಒಳಮುಖವಾಗಿ ಹೊಸ ಕೋಶಗಳನ್ನು ಹುಟ್ಟಿಸುತ್ತದೆ. ಅಕ್ಕಪಕ್ಕದ ಎರಡು ಕೋಶಗಳನ್ನು ಅಂಟಿಸುವುದು ಪೆಕ್ಟಿನ್, ಹಣ್ಣಿನ ಜಾಮನ್ನು ಗಟ್ಟಿ ಮಾಡುವ ಅದೇ ವಸ್ತು. ಕೋಶ ಬೆಳೆಯುವವರೆಗೆ ಅದರ ಗೋಡೆ ತೆಳುವಾಗಿ, ಹಿಗ್ಗುವಂತೆ ಇರುತ್ತದೆ. ಬೆಳವಣಿಗೆ ನಿಂತ ಮೇಲೆ ಒಳಗಡೆ ಎರಡನೆಯ, ದಪ್ಪನೆಯ ಗೋಡೆ ಏಳುತ್ತದೆ.

ಇದನ್ನು ನಮ್ಮ ಹಳ್ಳಿಗಳ ತಡಿಕೆ ಗೋಡೆಗೆ ಹೋಲಿಸಬಹುದು. ಬಿದಿರ ದಬ್ಬೆಗಳ ಜಾಗದಲ್ಲಿ ಸೆಲ್ಯುಲೋಸ್ ಎಳೆಗಳು. ದಬ್ಬೆಗಳನ್ನು ಬಿಗಿಯುವ ನಾರಿನಂತೆ ಹೆಮಿಸೆಲ್ಯುಲೋಸ್. ಮೇಲೆ ಮೆತ್ತುವ ಮಣ್ಣಿನಂತೆ ಲಿಗ್ನಿನ್. ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸೆಲ್ಯುಲೋಸೇ. ಇದನ್ನು 1838ರಲ್ಲಿ ಮೊದಲು ಬೇರ್ಪಡಿಸಿ ಗುರುತಿಸಿದವರು ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್. ಲಿಗ್ನಿನ್ ಮೊದಲು ಕೋಶಗಳ ಮೂಲೆಗಳಲ್ಲಿ ತುಂಬಿ, ಆಮೇಲೆ ಗೋಡೆಯೊಳಕ್ಕೆ ಹರಡುತ್ತದೆ. ಕಂಪ್ಲಿಯ ಗದ್ದೆಯಲ್ಲಿ ಎಳೆಯ ಕಬ್ಬಿನ ಸಿಪ್ಪೆ ಸುಲಭವಾಗಿ ಸುಲಿಯುವುದೂ, ಬಲಿತ ಕಬ್ಬು ಹಲ್ಲಿಗೆ ಗಟ್ಟಿಯಾಗುವುದೂ ಬಹುಮಟ್ಟಿಗೆ ಇದರಿಂದಲೇ. ಗೋಡೆ ಪೂರ್ಣವಾದಾಗ ಮರದ ಹೆಚ್ಚಿನ ಕೋಶಗಳು ಸಾಯುತ್ತವೆ. ನಾವು ಬಳಸುವ ಕಟ್ಟಿಗೆ ಎಂದರೆ ಆ ಕೋಶಗಳು ಬಿಟ್ಟುಹೋದ ಗೋಡೆಗಳು.

ಕಣ್ಣಿಗೆ ಕಾಣದ ಈ ವಸ್ತುಗಳನ್ನು ಗುರುತಿಸುವುದು ಹೇಗೆ? ಮರದ ತೀರಾ ತೆಳುವಾದ ಸೀಳಿಗೆ ಫ್ಲೋರೋಗ್ಲೂಸಿನಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಲಿಗ್ನಿನ್ ಇರುವ ಕಡೆ ಕೆಂಪೇರುತ್ತದೆ. ಅಯೋಡಿನ್ ಹಾಗೂ ಗಂಧಕಾಮ್ಲ ಹಾಕಿದರೆ ಸೆಲ್ಯುಲೋಸ್ ನೀಲಿಯಾಗುತ್ತದೆ. ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಸೆಲ್ಯುಲೋಸ್ ತಾನಾಗಿಯೇ ಹೊಳೆಯುತ್ತದೆ.

ಇದು ಬರೀ ಪ್ರಯೋಗಾಲಯದ ಮಾತಲ್ಲ. ಹಂಪಿಯ ವಿರೂಪಾಕ್ಷನ ತೇರು ಇಂದಿಗೂ ಮರದ್ದೇ. ಹೊಸಪೇಟೆ ಸುತ್ತಲಿನ ಊರುಗಳಲ್ಲಿಯೂ ಮರದ ತೇರುಗಳನ್ನು ಸಾವಿರಾರು ಭಕ್ತರು ಎಳೆಯುತ್ತಾರೆ. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ರಥ ಉರುಳಿದ್ದನ್ನು ಈ ಭಾಗದ ಜನ ಮರೆತಿಲ್ಲ. ಕಾರಣ ಏನೇ ಇರಲಿ, ಅಚ್ಚು, ಗಾಲಿಗಳ ಮೇಲೆ ಎಷ್ಟೊಂದು ಜೀವಗಳು ನಿಂತಿರುತ್ತವೆ ಎಂಬುದನ್ನು ಅದು ತೋರಿಸಿತು. ಮರ ಕೊಳೆಯತೊಡಗಿದರೂ ಹೊರಗಿನಿಂದ ಗಟ್ಟಿಯಾಗಿಯೇ ಕಾಣಬಹುದು. ಒಂದು ಬಗೆಯ ಶಿಲೀಂಧ್ರ ಸೆಲ್ಯುಲೋಸನ್ನು ತಿಂದು ಮರವನ್ನು ಕಂದು ಬಣ್ಣದ ಪುಡಿಯಾಗಿಸುತ್ತದೆ; ಇನ್ನೊಂದು ಲಿಗ್ನಿನ್ನನ್ನೂ ಕರಗಿಸಿ ಬಿಳಿಚಾಗಿಸುತ್ತದೆ. ಮೊದಲ ಬಗೆಯ ಕೊಳೆತ ತಗುಲಿದ್ದರೆ ಸೂಕ್ಷ್ಮದರ್ಶಕದಲ್ಲಿ ಆ ಹೊಳಪು ಮಸುಕಾಗುತ್ತದೆ. ಸುತ್ತಿಗೆಯ ಸದ್ದಿನಲ್ಲಿ ತಿಳಿಯದ ದೋಷವೂ ಹೀಗೆ ತಿಳಿಯಬಹುದು. ಮರದ ಜಾತಿ ಗುರುತಿಸಿಕೊಡುವ ಸೇವೆ ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿದೆ.

ಸುಟ್ಟ ಮರದ ಮೇಲೆ ಬಣ್ಣದ ಪರೀಕ್ಷೆ ನಡೆಯದು. ಬೆಂಕಿ ಸೆಲ್ಯುಲೋಸ್, ಲಿಗ್ನಿನ್ ಎರಡನ್ನೂ ಬದಲಿಸಿಬಿಡುತ್ತದೆ. ಆದರೆ ಪೂರ್ತಿ ಬೂದಿಯಾಗದೆ ಇದ್ದಿಲಾದ ಮರದಲ್ಲಿ ಕೋಶಗಳ ಆಕಾರ, ನೀರು ಹರಿದ ನಾಳಗಳ ಜೋಡಣೆ ಉಳಿದಿರುತ್ತದೆ. ಅದನ್ನು ನೋಡಿ ತಜ್ಞರು ಮರ ಯಾವುದೆಂದು ಹೇಳಬಲ್ಲರು. ಆದ್ದರಿಂದ ಹಂಪಿಯ ನೆಲ ಅಗೆಯುವಾಗ ಸಿಗುವ ಒಂದು ಚೂರು ಇದ್ದಿಲನ್ನೂ ಕಸವೆಂದು ಎಸೆಯುವಂತಿಲ್ಲ. ಆ ಗುಳಿಗಳಲ್ಲಿ ನಿಂತಿದ್ದ ಕಂಬಗಳ ವಿಳಾಸ ಅದರಲ್ಲಿರಬಹುದು.